ಸುರುಳಿ ನಾರಿನ ಸೀಟು

ಲಿಯಾಕತ್ ಅಲಿ ಆ ಮನೆಗೆ ಮೊದಲ ಸಲ ಬಂದದ್ದು ಜಗಳವಾಡಲು.

ಸೈಕಲ್ಲಿನ ಕ್ಯಾರಿಯರ್‌ಗೆ ಹಗ್ಗ ಬಿಗಿದು ತಂದಿದ್ದ ಬಸ್ಸಿನ ಸೀಟನ್ನು ಬಿಚ್ಚಿ, ಪಿಂಜಾರ ಹಬೀಬ್ ಸಾಬರ ಜಗಲಿಯ ಮೇಲೆ ದೊಪ್ಪನೆ ಹಾಕಿದ. ಒಳಗೆ ಹತ್ತಿ ಹಿಂಜುವ ಬಿಲ್ಲಿನ ಸದ್ದು ನಿಂತಿತು. ಹೊರಗೆ ಬಂದದ್ದು ಹಬೀಬ್ ಸಾಬರಲ್ಲ, ಅವರ ಮಗಳು ಶಾಹಜಾದಿ. ದೂಳು ಮೂಗಿಗೆ ಹೋಗದಂತೆ ಸೆರಗನ್ನು ಮುಖಕ್ಕೆ ಸುತ್ತಿ ಕಟ್ಟಿಕೊಂಡಿದ್ದಳು. ಕಾಣುತ್ತಿದ್ದದ್ದು ಎರಡು ಕಣ್ಣು, ಆ ಕಣ್ಣಿನ ರೆಪ್ಪೆಗಳ ಮೇಲೆ ಕೂತಿದ್ದ ಹತ್ತಿಯ ಎಳೆಗಳು, ಅಷ್ಟೇ.

ಬೈಯಲು ಬಾಯಿ ತೆರೆದವನಿಗೆ ಮೊದಲ ಮಾತು ಮರೆತುಹೋಯಿತು. ಎರಡನೆಯ ಮಾತಿನಿಂದಲೇ ಶುರು ಮಾಡಿದ.

ಅವನು ವೀರಭದ್ರಯ್ಯನವರ ಬಸ್ ಶೆಡ್ಡಿನ ಹೊಸ ಫೋರ್‌ಮನ್. ಬೆಂಗಳೂರಿನಲ್ಲಿ ಹತ್ತು ವರ್ಷ ಬಸ್ಸಿನ ಬಾಡಿ ಕಟ್ಟುವ ಕೆಲಸ ಕಲಿತು, ಐವತ್ತೆಂಟನೇ ಇಸವಿಯ ಆರಂಭದಲ್ಲಿ ತನ್ನ ಊರು ಶಿರಾಕ್ಕೆ ವಾಪಸಾಗಿದ್ದ. ವೀರಭದ್ರಯ್ಯನವರ ಹನ್ನೆರಡು ಬಸ್ಸುಗಳು ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಗೆ ಓಡುತ್ತಿದ್ದವು. ಅವುಗಳ ಸೀಟಿನ ಮೇಲೆ ಕೂತು ಪಾವಗಡ ಮುಟ್ಟಿದವರು ಇಳಿದ ಕೂಡಲೇ ಬೈಯುತ್ತಾರೆಂದೂ, ಈ ಸೀಟು ಒಂದೇ ತಿಂಗಳಲ್ಲಿ ರೊಟ್ಟಿಯಂತೆ ಚಪ್ಪಟೆಯಾಗಿದೆಯೆಂದೂ, ಇದರಿಂದ ಹೊರಗೆ ಬಂದ ನಾರು ಒಬ್ಬ ಮೇಷ್ಟ್ರ ಪಂಚೆಯನ್ನು ಹರಿದಿದೆಯೆಂದೂ ಅವನು ಒಂದೇ ಉಸಿರಿನಲ್ಲಿ ಹೇಳಿದ.

ಶಾಹಜಾದಿ ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಸೀಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ದಬ್ಬಣ ತೂರಿಸಿ ಹೊಲಿಗೆಯನ್ನು ಸರಸರನೆ ಬಿಚ್ಚಿದಳು. ಒಳಗೆ ಕೈ ಹಾಕಿ ಒಂದು ಹಿಡಿ ಹೊರಗೆಳೆದು ಅವನ ಮುಂದೆ ಹಿಡಿದಳು. ಸ್ವಲ್ಪ ತೆಂಗಿನ ನಾರು, ಉಳಿದದ್ದೆಲ್ಲ ಭತ್ತದ ಹುಲ್ಲು.

"ನಮ್ಮ ಹೊಲಿಗೇಲಿ ನಾಲ್ಕು ಹೊಲಿಗೆಗೊಂದು ಗಂಟು ಇರ್ತದೆ ಸಾಹೇಬ್ರೆ. ಇದ್ರಲ್ಲಿ ಎಲ್ಲೈತೆ ತೋರ್ಸಿ."

ಅವನು ಬಗ್ಗಿ ನೋಡಿದ. ಗಂಟು ಇರಲಿಲ್ಲ. ಶೆಡ್ಡಿನ ಗುಮಾಸ್ತ ಯಾರದೋ ಸೀಟಿಗೆ ಇವರ ಹೆಸರು ಹೇಳಿ ಕೈ ತೊಳೆದುಕೊಂಡಿದ್ದ. ಲಿಯಾಕತ್‌ನ ಕಿವಿ ಬಿಸಿಯಾಯಿತು. ತಪ್ಪಾಯಿತು ಎಂದ. ಅವನು ಅಷ್ಟು ಬೇಗ ತಪ್ಪೊಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಸಿದ್ಧ ಮಾಡಿಟ್ಟುಕೊಂಡಿದ್ದ ಇನ್ನೆರಡು ಮಾತು ದಂಡವಾದವು.

"ಬಿಚ್ಬುಟ್ಟಿದ್ದೀನಿ, ಹೊಲಿದು ಕೊಡ್ತೀನಿ," ಎಂದಳು. "ಹುಲ್ಲನ್ನೂ ಒಳಗೇ ತುಂಬ್ತೀನಿ. ಬೇರೆಯೋರ ಹುಲ್ಲು ನಮ್ಮನೇಲಿ ಬ್ಯಾಡ."

ಅವಳು ಹೊಲಿದಳು. ಅವನು ಗಂಟುಗಳನ್ನು ಎಣಿಸುತ್ತ ನಿಂತ. ಇಪ್ಪತ್ತರವರೆಗೆ ಎಣಿಸಿದ ಮೇಲೆ ತಾನು ನೋಡುತ್ತಿರುವುದು ಗಂಟುಗಳನ್ನಲ್ಲ, ಬೆರಳುಗಳನ್ನು ಎಂದು ತಿಳಿಯಿತು. ಒಳಗಿನಿಂದ ಹಬೀಬ್ ಸಾಬರ ಕೆಮ್ಮು ಕೇಳಿಸುತ್ತಿತ್ತು. ಹಾಗಾದರೆ ಇಲ್ಲಿ ಕೆಲಸ ಮಾಡುವವರು ಯಾರು ಎಂದು ಕೇಳಿದ.

"ನಾನೇ. ಎರಡು ವರ್ಷದಿಂದ ನಾನೇ," ಎಂದಳು ಶಾಹಜಾದಿ, ತಲೆ ಎತ್ತದೆ.

*

ಎಂಟು ದಿನಕ್ಕೆ ಅವನು ಮತ್ತೆ ಬಂದ. ಈ ಸಲ ಸೈಕಲ್ಲಿನಲ್ಲಿದ್ದದ್ದು ಒಂದು ಕಾರಿನ ಸೀಟು.

ಕಾರು ಮಧುಗಿರಿಯ ಲೇಡಿ ಡಾಕ್ಟರ್ ಅಶ್ವತ್ಥಮ್ಮನವರದು, ರಿಪೇರಿಗೆ ಶೆಡ್ಡಿಗೆ ಬರುತ್ತಿದ್ದದ್ದು. ಹೆರಿಗೆ ಕೇಸುಗಳಿಗಾಗಿ ಆಕೆ ತಾವೇ ಕಾರು ಓಡಿಸಿಕೊಂಡು ಕೊರಟಗೆರೆ, ತೋವಿನಕೆರೆ, ಐ.ಡಿ.ಹಳ್ಳಿ ಎಂದು ಸುತ್ತುವವರು. ಹಳೆಯ ಇಂಗ್ಲಿಷ್ ಕಾರು. ಅದರ ಸೀಟಿನಲ್ಲಿದ್ದ ಕುದುರೆ ಕೂದಲು ಪುಡಿಯಾಗಿ, ಸ್ಪ್ರಿಂಗುಗಳು ಬೆನ್ನಿಗೆ ಚುಚ್ಚುತ್ತಿದ್ದವು. ಹೊರದೇಶದ ಸಾಮಾನು ಬರುವುದು ಆಗ ಬಹಳ ಬಿಗಿಯಾಗಿತ್ತು. ರಬ್ಬರ್ ಮೆತ್ತೆಗೆ ಬೆಂಗಳೂರಿಗೆ ಬರೆದು ಆರು ತಿಂಗಳಾಗಿದ್ದರೂ ಉತ್ತರವಿರಲಿಲ್ಲ. ಇಲ್ಲೇ ಸಿಗುವ ನಾರಿನಲ್ಲಿ, ಐದಾರು ವರ್ಷ ಕುಗ್ಗದಂಥ ಸೀಟು ಮಾಡಲು ಸಾಧ್ಯವೇ ಎಂದು ಲಿಯಾಕತ್ ಕೇಳಿದ. ಇದು ಸರಿಯಾದರೆ ವೀರಭದ್ರಯ್ಯನವರ ಬಸ್ಸುಗಳ ಕೆಲಸವೂ ಬರಬಹುದು ಎಂದ.

ಹಬೀಬ್ ಸಾಬರು ಮಗಳ ಮುಖ ನೋಡಿದರು. ಅವರು ಊರೂರು ಸುತ್ತಿ ಹಾಸಿಗೆ ಹಿಂಜಿದವರು; ಕಾರಿನ ಸೀಟನ್ನು ಮುಟ್ಟಿದವರಲ್ಲ.

"ಆಗ್ತದೆ," ಎಂದಳು ಶಾಹಜಾದಿ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಆದರೆ ಆಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಮೊದಲು ಹತ್ತಿ ತುಂಬಿದಳು. ಲಿಯಾಕತ್ ಮೂರು ದಿನ ಶೆಡ್ಡಿನಲ್ಲಿ ಅದರ ಮೇಲೆ ಕಬ್ಬಿಣದ ತೂಕ ಇಟ್ಟು, ಚಪ್ಪಟೆಯಾದದ್ದನ್ನು ವಾಪಸು ತಂದ. ತೆಂಗಿನ ನಾರು ತುಂಬಿದಳು. ಅದು ಸ್ವಲ್ಪ ತಡೆದು, ಆಮೇಲೆ ಸ್ಪ್ರಿಂಗುಗಳ ಸಂದಿಯಿಂದ ಕೆಳಗೆ ಉದುರತೊಡಗಿತು. ಐ.ಡಿ.ಹಳ್ಳಿಯಿಂದ ಸಂತೆಗೆ ಕತ್ತಾಳೆ ಹಗ್ಗ ತರುವ ರಾಮಾಂಜಿನಮ್ಮನನ್ನು ಹಿಡಿದು ಒಂದು ಹೊರೆ ಕತ್ತಾಳೆ ನಾರು ತರಿಸಿಕೊಂಡಳು. ಬೆಳ್ಳಗೆ, ಉದ್ದಕ್ಕೆ, ಗಟ್ಟಿಯಾಗಿದ್ದ ಆ ನಾರಿನಲ್ಲಿ ಒಂದು ಬಲೆ ಹೆಣೆದು ಸ್ಪ್ರಿಂಗುಗಳ ಮೇಲೆ ಎಳೆದು ಕಟ್ಟಿದಳು. ಉದುರುವುದು ನಿಂತಿತು. ಕುಗ್ಗುವುದು ನಿಲ್ಲಲಿಲ್ಲ.

ಪ್ರತಿ ಸಲ ಸೋತ ಸೀಟನ್ನು ತಂದಾಗಲೂ ಲಿಯಾಕತ್ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದ. ಅವಳು ಮಾತ್ರ ಹೊಸ ಸುದ್ದಿ ಕೇಳುವವಳಂತೆ ಎಲ್ಲಿ ಕುಗ್ಗಿತು, ಎಷ್ಟು ದಿನಕ್ಕೆ ಕುಗ್ಗಿತು ಎಂದು ಕೇಳುತ್ತಿದ್ದಳು. ಅವನು ಸೀಟು ಇಳಿಸುವಾಗ ಇವಳು ಒಂದು ಅಂಚು ಹಿಡಿಯುತ್ತಿದ್ದಳು. ಸೀಟಿನ ಎರಡು ಕೊನೆಗಳಲ್ಲಿ ಎರಡು ಜೊತೆ ಕಣ್ಣು. ನಡುವೆ ಮೂರೂವರೆ ಅಡಿ ಕಬ್ಬಿಣದ ಚೌಕಟ್ಟು. ಅಷ್ಟು ದೂರವನ್ನು ಇಬ್ಬರೂ ಕಾಪಾಡಿಕೊಂಡರು. ಆದರೆ ಕೆಳಗಿಡಬೇಕಾದ ಸೀಟನ್ನು ಯಾರೂ ಬೇಗ ಕೆಳಗಿಡುತ್ತಿರಲಿಲ್ಲ.

ಉಪಾಯ ಹೊಳೆದದ್ದು ಒಂದು ಮಧ್ಯಾಹ್ನ. ತಾಯಿ ಖಾಜಾಬಿ ಅವಳ ತಲೆಗೆ ಎಣ್ಣೆ ಹಚ್ಚಲೆಂದು ಜಡೆ ಬಿಚ್ಚಿದರು. ನೀಳವಾದ ಕೂದಲು ಸೊಂಟದವರೆಗೆ ಅಲೆಅಲೆಯಾಗಿ ಇಳಿಯಿತು. ಶಾಹಜಾದಿ ಒಂದು ಎಳೆ ಹಿಡಿದು ಎಳೆದಳು, ಬಿಟ್ಟಳು. ಅದು ಮತ್ತೆ ಸುರುಳಿಯಾಗಿ ಮೇಲೆ ಹೋಯಿತು. ಇನ್ನೊಮ್ಮೆ ಎಳೆದಳು, ಬಿಟ್ಟಳು. ಆಮೇಲೆ ಅರ್ಧ ಎಣ್ಣೆ ಹಚ್ಚಿದ ತಲೆಯಲ್ಲೇ ಎದ್ದು ಹಿತ್ತಿಲಿಗೆ ಓಡಿದಳು.

ತೆಂಗಿನ ನಾರನ್ನು ಬಿಗಿಯಾಗಿ ಹುರಿ ಹೊಸೆದಳು. ಆ ಹುರಿಯನ್ನು ಹಂಡೆಯಲ್ಲಿ ಹಾಕಿ ಕುದಿಸಿದಳು. ಹಾಗೇ ಸುತ್ತಿಟ್ಟು ಆರು ದಿನ ಬಿಸಿಲಲ್ಲಿ ಒಣಗಿಸಿ, ಏಳನೆಯ ದಿನ ಹುರಿ ಬಿಚ್ಚಿ ಹಿಂಜಿದಳು. ನೆಟ್ಟಗಿದ್ದ ನಾರು ಈಗ ಎಳೆಎಳೆಯಲ್ಲೂ ಸುರುಳಿ ಸುತ್ತಿಕೊಂಡಿತ್ತು. ಅಂಗೈಯಲ್ಲಿಟ್ಟು ಹಿಸುಕಿದರೆ ಅಡಗುತ್ತಿತ್ತು, ಕೈ ಬಿಟ್ಟರೆ ಪುಟಿದು ಏಳುತ್ತಿತ್ತು.

ಕೆಳಗೆ ಕತ್ತಾಳೆಯ ಬಲೆ, ನಡುವೆ ಸುರುಳಿ ನಾರು, ಮೇಲೆ ತೆಳ್ಳಗೆ ಹಿಂಜಿದ ಹತ್ತಿ, ಅದರ ಮೇಲೆ ರೆಕ್ಸಿನ್. ಲಿಯಾಕತ್ ಹತ್ತು ದಿನ ತೂಕ ಇಟ್ಟ. ತೆಗೆದ ಮೇಲೆ ಅಳೆದ. ಅರ್ಧ ಬೆರಳಿನಷ್ಟೂ ಕುಗ್ಗಿರಲಿಲ್ಲ. ಶೆಡ್ಡಿನಿಂದ ಅವರ ಮನೆಯವರೆಗೆ ಅವನು ಸೈಕಲ್ ತುಳಿದ ರಭಸಕ್ಕೆ ಚೈನು ಎರಡು ಸಲ ಕಳಚಿತು.

"ಇದು ನಿಮಗೆ ಹೆಂಗೆ ಹೊಳೀತು?" ಎಂದು ಕೇಳಿದ.

"ಅದು ಗಂಡಸ್ರಿಗೆ ಹೇಳೋ ಮಾತಲ್ಲ."

"ನಾನು ಫೋರ್‌ಮನ್. ಕೆಲಸದ ವಿಷಯ ತಿಳ್ಕೋಬೇಕು."

"ಹಂಗಾದ್ರೆ ನೀವೇ ತಿಳ್ಕಳಿ," ಎಂದು ಅವಳು ಒಳಗೆ ಹೋದಳು. ಹೋಗುವಾಗ ಬಾಗಿಲ ಬಳಿ ಅರೆಗಳಿಗೆ ನಿಂತು ತಿರುಗಿ ನೋಡಿದಳು. ಆ ಅರೆಗಳಿಗೆ ಅವನಿಗೆ ಮೂರು ದಿನಕ್ಕೆ ಸಾಕಾಯಿತು.

ಮೂರನೆಯ ದಿನ ಅವನ ಅಕ್ಕ ಜೈನಾಬಿ ತನ್ನ ಮಗಳ ಜಡೆ ಬಿಚ್ಚುತ್ತಿದ್ದಳು. ಚಹಾ ಕುಡಿಯುತ್ತ ಕೂತಿದ್ದ ಲಿಯಾಕತ್ ಆ ಪುಟ್ಟ ಹುಡುಗಿಯ ಬೆನ್ನ ಮೇಲೆ ಅಲೆಯಾಗಿ ಇಳಿದ ಕೂದಲನ್ನು ನೋಡಿದ. ಲೋಟ ಅಲ್ಲೇ ನಿಂತಿತು. ಆಮೇಲೆ ಅವನ ಮುಖ ಕೆಂಪೇರಿತು. ಚಹಾ ಅಷ್ಟು ಬಿಸಿಯಾಗಿದೆಯೇ ಎಂದು ಜೈನಾಬಿ ಕೇಳಿದಳು.

*

ಡಾಕ್ಟರ್ ಅಶ್ವತ್ಥಮ್ಮ ಎರಡು ತಿಂಗಳು ಆ ಸೀಟಿನ ಮೇಲೆ ಓಡಾಡಿ, ಒಂದು ದಿನ ತಾವೇ ಶಿರಾಕ್ಕೆ ಕಾರು ಓಡಿಸಿಕೊಂಡು ಬಂದು ಪಿಂಜಾರರ ಮನೆ ಮುಂದೆ ನಿಲ್ಲಿಸಿದರು. ತೋವಿನಕೆರೆಯ ರಸ್ತೆಯಲ್ಲೂ ಬೆನ್ನು ನೋಯಲಿಲ್ಲ ಎಂದರು. ಹಬೀಬ್ ಸಾಬರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಹತ್ತಿಯ ದೂಳಿನ ಹತ್ತಿರ ಇನ್ನು ಸುಳಿಯಬೇಡಿ ಎಂದು ಗದರಿದರು. ಹೊರಡುವ ಮೊದಲು ಶಾಹಜಾದಿಯನ್ನು ಕರೆದು, ಎಂಜಿನ್ ಕಾವಿಗೆ ಕಾಲು ಸುಡುತ್ತದೆ, ಅದಕ್ಕೂ ಏನಾದರೂ ಮಾಡುತ್ತೀಯಾ ಎಂದು ಕೇಳಿದರು. ಅವಳು ಕತ್ತಾಳೆ ನಾರನ್ನೂ ತೆಂಗಿನ ನಾರನ್ನೂ ಕೂಡಿಸಿ ಬಡಿದು, ಗೋಣಿಗೆ ಹೊಲಿದು, ಕಾರಿನ ನೆಲದ ಅಳತೆಗೆ ಒಂದು ದಪ್ಪ ಹಾಸು ಮಾಡಿಕೊಟ್ಟಳು. ಅದಾದ ಮೇಲೆ ಬಾಗಿಲಿನ ಒಳಮೈಗೆ ಮೆತ್ತೆ. ಹೀಗೆ ಆ ಕಾರಿನ ಒಳಗೆಲ್ಲ ಅವಳ ಕೈ ಓಡಾಡಿತು.

ಅಳತೆ ತರುವುದು, ಸಾಮಾನು ತರುವುದು, ತಂದ ಸಾಮಾನು ಸರಿಯಿದೆಯೇ ಎಂದು ನೋಡಲು ಬರುವುದು ಲಿಯಾಕತ್‌ನ ಕೆಲಸ. ಒಂದೇ ಅಳತೆಯನ್ನು ಅವನು ಎರಡು ಸಲ ತಂದದ್ದನ್ನು ಖಾಜಾಬಿ ಗಮನಿಸಿದರು, ಗಂಡನಿಗೂ ಹೇಳಿದರು. ಹುಡುಗ ಒಳ್ಳೆಯವನೇ, ಆದರೆ ಅವರ ಮನೆಯವರು ಒಪ್ಪುತ್ತಾರೆಯೇ ಎಂದರು ಹಬೀಬ್ ಸಾಬರು.

ಅವರ ಅನುಮಾನಕ್ಕೆ ಕಾರಣವಿತ್ತು. ಲಿಯಾಕತ್‌ನ ಮನೆಯವರು ಬಟ್ಟೆ ವ್ಯಾಪಾರದ ಮನೆತನ, ಮನೆಯಲ್ಲಿ ಉರ್ದು. ಪಿಂಜಾರರು ಮನೆಯಲ್ಲೂ ಕನ್ನಡವನ್ನೇ ಆಡುವವರು, ಬಿಲ್ಲು ಹೊತ್ತು ಬೀದಿ ಬೀದಿ ತಿರುಗುವವರು. ಮಸೀದಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಹೆಣ್ಣು ಕೊಟ್ಟು ತರುವ ಮಾತು ಮಾತ್ರ ಇರಲಿಲ್ಲ.

ಲಿಯಾಕತ್ ಅಕ್ಕನ ಮುಂದೆ ವಿಷಯ ಇಟ್ಟ. ತಂದೆ ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಜೈನಾಬಿಯೇ. ಅವಳು ಎರಡು ದಿನ ಯೋಚಿಸಿದಳು. ಮೂರನೆಯ ದಿನ, ಹುಡುಗಿ ಬರಲಿ, ಆದರೆ ಬಿಲ್ಲು ಆ ಮನೆಯಲ್ಲೇ ಉಳಿಯಬೇಕು, ನಮ್ಮ ಮನೆಯ ಸೊಸೆ ಜಗಲಿಯ ಮೇಲೆ ಕೂತು ಹಿಂಜುವುದು ಬೇಡ ಎಂದಳು.

ಅಕ್ಕ ಇಷ್ಟಕ್ಕಾದರೂ ಒಪ್ಪಿದಳಲ್ಲ ಎಂದು ಲಿಯಾಕತ್‌ಗೆ ಕುಣಿಯುವಷ್ಟು ಸಂತೋಷವಾಯಿತು. ಅದೇ ಸಂತೋಷದಲ್ಲಿ ನೇರವಾಗಿ ಪಿಂಜಾರರ ಮನೆಯ ಹಿತ್ತಿಲಿಗೆ ಬಂದ. ಶಾಹಜಾದಿ ಹುರಿಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ, ಷರತ್ತನ್ನೂ ಹೇಳಿದ. ಅವಳ ಮುಖದಲ್ಲಿ ಮೊದಲು ಬಂದದ್ದು ಒಂದು ಬೆಳಕು, ಆಮೇಲೆ ಬಂದದ್ದು ಬೇರೆ.

"ಈಗ ಹೂಂ ಅನ್ನಿ," ಎಂದ ಅವನು. "ನಿಕಾಹ್ ಆಗ್ಲಿ. ಆಮೇಲೆ ಆಪಾನ ನಾನು ಒಪ್ಪಿಸ್ತೀನಿ."

"ಆಮೇಲೆ ಒಪ್ಪಿಸೋ ಹಂಗಿದ್ರೆ ಈಗ್ಲೇ ಒಪ್ಪಿಸ್ಬೋದಿತ್ತಲ್ಲ."

"ಶಾಹಜಾದಿ, ಬಿಲ್ಲು ಅನ್ನೋದು ಒಂದು ಮರದ ತುಂಡು. ಅದಕ್ಕೋಸ್ಕರ..."

"ನಿಮ್ಮ ಜೇಬಲ್ಲಿರೋ ನಟ್ಟು ಬಿಚ್ಚೋ ಪಾನಾನೂ ಒಂದು ಕಬ್ಬಿಣದ ತುಂಡು," ಎಂದಳು ಅವಳು. ಧ್ವನಿ ಏರಿರಲಿಲ್ಲ. "ಅದನ್ನ ಕೆಳಗಿಟ್ಬುಡಿ, ಮತ್ತೆ ಯಾವತ್ತೂ ಮುಟ್ಬ್ಯಾಡಿ. ನಾನೂ ಈಗ್ಲೇ ಹೂಂ ಅಂತೀನಿ."

ಅವನ ಕೈ ತಾನಾಗಿ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಅವಳು ಹುರಿ ಹರಡುವುದನ್ನು ಮುಂದುವರಿಸಿದಳು. ಅವನು ಸೈಕಲ್ ತಿರುಗಿಸಿಕೊಂಡು ಹೋದ. ಅವನು ಹೋದ ಮೇಲೆ ನೋಡಿಕೊಂಡರೆ, ಹರಡಿದ್ದ ಹುರಿಗಳನ್ನೆಲ್ಲ ಅವಳು ತನಗೇ ತಿಳಿಯದಂತೆ ಮತ್ತೆ ಸುತ್ತಿ ಕೈಯಲ್ಲಿ ಹಿಡಿದಿದ್ದಳು.

*

ಮೂರು ವಾರ ಅವನು ಆ ಬೀದಿಗೆ ಬರಲಿಲ್ಲ.

ಆ ಮೂರು ವಾರದಲ್ಲಿ ವೀರಭದ್ರಯ್ಯನವರು ಡಾಕ್ಟರ ಕಾರಿನಲ್ಲಿ ಒಮ್ಮೆ ಕೊರಟಗೆರೆಗೆ ಹೋಗಿ ಬಂದರು. ಬಂದವರೇ ಲಿಯಾಕತ್‌ನನ್ನು ಕರೆದು, ಹನ್ನೆರಡೂ ಬಸ್ಸಿಗೆ ಇಂಥದೇ ಸೀಟು ಬೇಕು ಎಂದರು. ನಾಲ್ಕು ಆಳು ಕೊಡುತ್ತೇನೆ, ನಾರಿಗೆ ಏನು ಮಾಡುತ್ತಾರೋ ನಿನಗೆ ಗೊತ್ತಿದೆಯಲ್ಲ, ಶೆಡ್ಡಿನಲ್ಲೇ ಮಾಡಿಸು ಎಂದರು.

ಲಿಯಾಕತ್‌ಗೆ ಹುರಿ ಹೊಸೆಯುವುದರಿಂದ ಹಿಡಿದು ಕೊನೆಯ ಗಂಟಿನವರೆಗೆ ಎಲ್ಲವೂ ಗೊತ್ತಿತ್ತು. ಆದರೆ ಆ ಉಪಾಯ ತನ್ನದಲ್ಲ, ಪಿಂಜಾರರ ಮಗಳದು, ಬೇಕಿದ್ದರೆ ತಾವೇ ಹೋಗಿ ಅವಳನ್ನು ಕೇಳಬೇಕು ಎಂದ. ಯಜಮಾನರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಆಶ್ಚರ್ಯವಾಯಿತು. ಮಾರನೆಯ ದಿನ ಶಲ್ಯ ಹೊದ್ದು ಪಿಂಜಾರರ ಜಗಲಿಯ ಮೇಲೆ ಬಂದು ಕೂತರು.

ಶಾಹಜಾದಿ ಬಾಗಿಲ ಮರೆಯಲ್ಲಿ ನಿಂತೇ ಮಾತಾಡಿದಳು. ತಿಂಗಳಿಗೆ ಒಂದು ಬಸ್ಸು, ಅದಕ್ಕಿಂತ ಅವಸರ ಮಾಡಿದರೆ ನಾರು ಒಣಗುವುದಿಲ್ಲ ಎಂದಳು. ಕತ್ತಾಳೆಯನ್ನು ರಾಮಾಂಜಿನಮ್ಮನಿಂದಲೇ ತರಿಸಬೇಕು ಎಂದಳು. ಎಲ್ಲದಕ್ಕೂ ಒಪ್ಪಿ ಎದ್ದ ವೀರಭದ್ರಯ್ಯನವರು, ನಮ್ಮ ಫೋರ್‌ಮನ್‌ನಿಂದ ಒಂದು ಮಾತೂ ಹೊರಡಿಸಲಾಗಲಿಲ್ಲ ಕಣಮ್ಮ ಎಂದು ನಗುತ್ತ ಹೋದರು. ಅವಳು ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಲಿಯಾಕತ್‌ನ ಮೇಲಿನ ಸಿಟ್ಟು ಕರಗಿತು. ಆದರೆ ಷರತ್ತು ಇನ್ನೂ ಹಾಗೇ ಇತ್ತು.

ಮೂರು ವಾರ ಕಳೆದ ಮೇಲಿನ ಶುಕ್ರವಾರ, ನಮಾಜಿಗೆ ಇನ್ನೂ ಹೊತ್ತಿರುವಾಗ, ಲಿಯಾಕತ್ ಬಂದ. ಶಾಹಜಾದಿಯನ್ನು ಕೇಳಲಿಲ್ಲ, ಹಬೀಬ್ ಸಾಬರನ್ನು ಕೇಳಿದ. ತಲೆ ಬಾಗಿಸಿ ಸಲಾಂ ಹೇಳಿ, ತನಗೆ ಬಿಲ್ಲು ಹಿಡಿಯುವುದನ್ನು ಕಲಿಸಬೇಕು ಎಂದ.

ಹಬೀಬ್ ಸಾಬರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕಲಿಸ್ತೀನಪ್ಪ. ಒಳಗೆ ಬಾ. ಇವತ್ತು ಶುಕ್ರವಾರ, ನಮಾಜ್ ಮುಗಿಸ್ಕಂಡು ಊರೆಲ್ಲ ಇದೇ ಬೀದೀಲಿ ಬರ್ತದೆ."

"ಅದಕ್ಕೇ ಇವತ್ತು ಬಂದೆ. ನಮಾಜ್ ಆದ್ಮೇಲೆ ಜಗಲಿ ಮೇಲೇ ಕಲಿಸಿ."

ಇಬ್ಬರೂ ನಮಾಜಿಗೆ ಹೋಗಿ, ಎಲ್ಲರಿಗಿಂತ ಮುಂಚೆ ಬಂದರು. ಹಬೀಬ್ ಸಾಬರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ದೂರ ಕೂತರು. ಲಿಯಾಕತ್ ಹಬ್ಬದ ಬಿಳಿಯ ಅಂಗಿಯ ತೋಳು ಮಡಿಸಿ, ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಮರದ ಬಡಿಗೆಯಿಂದ ಅದರ ತಂತಿಗೆ ಹೊಡೆದ. ಹತ್ತಿ ಕದಲಲಿಲ್ಲ. ಮತ್ತೆ ಹೊಡೆದ. ತಂತಿ ಹೆಬ್ಬೆರಳನ್ನು ಕಚ್ಚಿತು. ಐದನೆಯ ಏಟಿಗೆ ಒಂದು ಹಿಡಿ ಹತ್ತಿ ಎದ್ದು ನೇರವಾಗಿ ಅವನ ಮೀಸೆಯ ಮೇಲೆ ಕೂತಿತು.

ಬೀದಿಯಲ್ಲಿ ಜನ ನಿಂತರು. ಒಬ್ಬಿಬ್ಬರು ನಕ್ಕರು. ಬಟ್ಟೆ ಅಂಗಡಿ ಸಾಲಿನ ಹಿರಿಯರಾದ ಬಾಷಾ ಸಾಬರು ಗುಂಪು ಸರಿಸಿ ಮುಂದೆ ಬಂದು, ಇದೇನು ಲಿಯಾಕತ್ ಎಂದು ಕೇಳಿದರು.

"ಮಾವನ ಕಸುಬು ಕಲೀತಿದ್ದೀನಿ ಚಾಚಾ."

"ಯಾರು ಮಾವ?"

ಲಿಯಾಕತ್ ಹಬೀಬ್ ಸಾಬರ ಕಡೆ ಕೈ ತೋರಿಸಿದ. "ಇವರು. ಆದ್ರೆ ಮಗಳು ಇನ್ನೂ ಒಪ್ಪಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಶಾಹಜಾದಿ ಬಾಯಿಗೆ ಸೆರಗು ಒತ್ತಿ ಹಿಡಿದಳು. ನಗುವನ್ನು ತಡೆಯಲೆಂದು ಒತ್ತಿದ್ದು. ಕಣ್ಣು ಏಕೆ ತುಂಬಿದವೋ ಅವಳಿಗೆ ತಿಳಿಯಲಿಲ್ಲ. ಅವನು ಆ ದಿನ ಇಳಿಹೊತ್ತಿನ ಅಸರ್ ನಮಾಜಿನವರೆಗೂ ಎದ್ದೇಳಲಿಲ್ಲ. ಹಿಂಜಿದ ಹತ್ತಿ ಒಂದು ದಿಂಬಿಗೂ ಸಾಲದಷ್ಟಿತ್ತು.

ಸಂಜೆಯ ಹೊತ್ತಿಗೆ ಸುದ್ದಿ ಕೇಳಿ ಜೈನಾಬಿ ಬಂದಳು. ಬುರ್ಖಾ ಹಾಕಿದ್ದಳು, ಮುಖದ ಪರದೆಯನ್ನು ಮೇಲೆತ್ತಿದ್ದಳು. ಖಾಜಾಬಿ ಚಾಪೆ ಹಾಸಿದರು. ಅವಳು ಕೂರದೆ ಶಾಹಜಾದಿಯನ್ನೇ ನೋಡುತ್ತ ನಿಂತಳು.

"ನಾಳೆಯಿಂದ ನಮ್ಮ ಮನೇನ ಜನ ಏನಂತ ಕರೀತಾರೆ ಗೊತ್ತಾ?"

"ಪಿಂಜಾರರ ಮನೆ ಅಂತಾರೆ," ಎಂದಳು ಶಾಹಜಾದಿ. "ನಮ್ಮನೇನ ಹುಟ್ದಾಗಿಂದ ಹಂಗೇ ಕರೀತಾರೆ ಆಪಾ. ಏನೂ ಕಮ್ಮಿ ಆಗಿಲ್ಲ."

ಜೈನಾಬಿ ಪಕ್ಕದಲ್ಲಿದ್ದ, ಮೊದಲ ಬಸ್ಸಿಗೆಂದು ಹೊಲಿದಿಟ್ಟಿದ್ದ ಸೀಟಿನ ಮೇಲೆ ಕೂತಳು. ಕೂತವಳು ಸ್ವಲ್ಪ ಸರಿದಳು, ಅಂಗೈಯಿಂದ ಒತ್ತಿ ನೋಡಿದಳು. ಆಮೇಲೆ ಮೂಲೆಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದಳು. ಮುಂದೆ ಹೇಳಿದ್ದನ್ನು ಅವಳು ಅದುವರೆಗೆ ಲಿಯಾಕತ್‌ನ ಎದುರಿಗೂ ಬಾಯಿಬಿಟ್ಟು ಆಡಿರಲಿಲ್ಲ. ತಂದೆ ಹೋದ ಮೇಲೆ ಅಂಗಡಿ ಮುಚ್ಚಿತ್ತು. ತಮ್ಮನನ್ನು ಸಾಕಿದ್ದು ಅವಳು ಹೊಲಿದ ಪರರ ರವಿಕೆಗಳು. ಬಟ್ಟೆಯನ್ನು ಹಿಂಬಾಗಿಲಿನಿಂದ ತರಿಸಿ, ಹಿಂಬಾಗಿಲಿನಿಂದಲೇ ಕಳಿಸುತ್ತಿದ್ದಳು. ಹನ್ನೊಂದು ವರ್ಷ. ಬೀದಿಗೆ ಗೊತ್ತಾಗಬಾರದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿ ಹೊಲಿದಿದ್ದಳು.

"ನಾನು ಕಿಟಕಿ ಮುಚ್ಕೊಂಡು ಹೊಲಿದೆ," ಎಂದಳು. "ನೀನು ಬಾಗಿಲು ತಕ್ಕೊಂಡು ಹಿಂಜ್ತೀಯ. ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದು ಅದಕ್ಕೇ ಇರ್ಬೇಕು, ಬೇಟಿ."

ಶಾಹಜಾದಿ ಅವಳ ಕಾಲ ಬಳಿ ಕೂತಳು. ಆಮೇಲೆ ಜೈನಾಬಿ ಮೂಗು ಒರೆಸಿಕೊಂಡು, ರೆಕ್ಸಿನ್‌ನ ಈ ಮೂಲೆ ಸಡಿಲವಾಗಿದೆ, ಇಲ್ಲಿ ಎರಡು ಮಡಿಕೆ ಬರಬೇಕು, ದಬ್ಬಣ ಇಲ್ಲಿ ಕೊಡು ಎಂದಳು.

*

ಮಾರನೆಯ ದಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಲಿಯಾಕತ್ ಬಂದ. ಖಾಜಾಬಿ ಏನೋ ನೆಪ ಹೇಳಿ ಒಳಗೆ ಹೋದರು. ಹಿತ್ತಿಲಿನ ತುಂಬ ಹುರಿಗಳು ಒಣಗುತ್ತಿದ್ದವು. ಅವನು ಒಂದು ಸಾಲಿನ ಆಚೆ ನಿಂತ, ಅವಳು ಈಚೆ.

"ಆಪಾ ಒಪ್ಪಿದ್ರು," ಎಂದ ಅವನು. "ನಿಮ್ಮ ಅಬ್ಬಾನೂ ಒಪ್ಪಿದ್ರು. ನೀವೊಬ್ರೇ ಬಾಕಿ."

ಶಾಹಜಾದಿ ಅವನ ಹೆಬ್ಬೆರಳು ನೋಡಿದಳು. ಆಮೇಲೆ ಮುಖ ನೋಡಿದಳು. ಇಷ್ಟು ದಿನ ಕದ್ದು ನೋಡಿದ್ದನ್ನು ಈಗ ನೆಟ್ಟಗೆ ನೋಡಿದಳು. ಮೊದಲು ಕಣ್ಣು ಕೆಳಗಿಳಿಸಿದವನು ಅವನೇ.

"ಮೂರು ವಾರ ನೀವು ಬರಲಿಲ್ಲ," ಎಂದಳು. "ಆ ಮೂರು ವಾರ ನಾನು ಹೊಲಿದಿದ್ದೆಲ್ಲ ಮತ್ತೆ ಬಿಚ್ಬೇಕಾಯ್ತು. ನಾಲ್ಕಕ್ಕೊಂದು ಗಂಟು ಹಾಕೋ ಕೈ, ಒಂದ್ಸಲ ಆರಕ್ಕೆ ಹಾಕ್ತು, ಒಂದ್ಸಲ ಹಾಕೋದೇ ಮರೀತು. ಅಮ್ಮ ಕೇಳಿದ್ರೆ ಕಣ್ಣಿಗೆ ದೂಳು ಬಿತ್ತು ಅಂದೆ. ದೂಳೇನೂ ಬಿದ್ದಿರಲಿಲ್ಲ."

ಅವನು ಹೆಬ್ಬೆರಳಿನ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

"ಇನ್ನೇನು ಹೇಳ್ಬೇಕು ನಾನು?" ಎಂದಳು ಅವಳು. "ಹೂಂ ಅಂತ ಹೇಳೋಕೆ ಇಷ್ಟು ಸಾಕಲ್ವಾ?"

ನಡುವಿನ ಹುರಿಯ ಸಾಲನ್ನು ಅವನು ಎತ್ತಿ ಹಿಡಿದ. ಅವಳು ಬಗ್ಗಿ ಆಚೆಗೆ ಬಂದಳು.

ನಿಕಾಹ್ ಮುಂದಿನ ತಿಂಗಳೇ ಆಯಿತು. ಡಾಕ್ಟರ್ ಅಶ್ವತ್ಥಮ್ಮ ಕಾರಿನಲ್ಲಿ ಬಂದು, ಊಟ ಮಾಡಿ, ಒಂದು ಹೆರಿಗೆ ಕಾದಿದೆಯೆಂದು ಓಡಿದರು. ಮೂರನೆಯ ದಿನ ಶಾಹಜಾದಿ ಗಂಡನ ಮನೆಯಲ್ಲಿ ಬಿಲ್ಲಿನ ಮುಂದೆ ಕೂತಳು. ಪಕ್ಕದಲ್ಲಿ ಜೈನಾಬಿ ರೆಕ್ಸಿನ್ ಕತ್ತರಿಸುತ್ತಿದ್ದಳು, ಬಾಗಿಲು ತೆರೆದಿತ್ತು.

ಮೊದಲ ಬಸ್ಸು ಸಿದ್ಧವಾಗಿ ಪಾವಗಡಕ್ಕೆ ಹೊರಟ ದಿನ ವೀರಭದ್ರಯ್ಯನವರು ಹೊಸ ಜೋಡಿಯನ್ನು ಅದರಲ್ಲಿ ಕೂರಿಸಿದರು. ಕಿಟಕಿಯ ಪಕ್ಕ ಶಾಹಜಾದಿ, ಅವಳ ಪಕ್ಕ ಲಿಯಾಕತ್. ಮಧುಗಿರಿಯ ಬಂಡೆ ಬೆಟ್ಟ ಕಿಟಕಿಯಲ್ಲಿ ಹತ್ತಿರ ಬಂದು ದೂರವಾಯಿತು. ರಸ್ತೆಯ ತುಂಬ ಗುಂಡಿ. ಬಸ್ಸು ಕುಣಿಯಿತು, ಸೀಟು ಕುಣಿಯಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ, ಪಾವಗಡದವಳಿರಬೇಕು, ತೆಲುಗು ಬೆರೆಸಿದ ಕನ್ನಡದಲ್ಲಿ ಗಂಡನಿಗೆ ಸೀಟಿನ ಗುಣಗಾನ ಮಾಡುತ್ತಿದ್ದಳು. ಶಾಹಜಾದಿ ಕಿಟಕಿಯ ಕಡೆ ಮುಖ ತಿರುಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

ಲಿಯಾಕತ್ ಮಾತ್ರ ಸಪ್ಪಗಿದ್ದ. ಅವಳು ಏಕೆಂದು ಕೇಳಿದಳು.

"ನೀನು ಸೀಟು ಅತಿ ಚೆನ್ನಾಗಿ ಮಾಡ್ಬಿಟ್ಟೆ," ಎಂದು ಅವನು ಅವಳ ಕಿವಿಯ ಹತ್ತಿರ ಗೊಣಗಿದ. "ಶಿರಾದಿಂದ ಇಲ್ಲೀವರ್ಗೂ ಒಂದ್ಸಲಾದ್ರೂ ನಿನ್ನ ಮೇಲೆ ವಾಲ್ತೀನಿ ಅಂತ ನೋಡ್ತಿದ್ದೀನಿ. ಬಿಡ್ತಾನೇ ಇಲ್ಲ."

ಶಾಹಜಾದಿ ಸೆರಗು ಸರಿಮಾಡಿಕೊಂಡು, ಮುಂದಿನ ರಸ್ತೆಯನ್ನು ನೋಡುತ್ತ ಗಂಭೀರವಾಗಿ ಹೇಳಿದಳು.

"ಮಿಡಿಗೇಶಿ ದಾಟ್ಲಿ ಇರಿ. ತಿರುವು ಬರ್ತದೆ."